ಉತ್ತರಕುಮಾರನಿಗೆ ಡ್ರ್ಯಾಗನ್ ತೋರಿಸಲು ಹೋಗಿ...

ಶನಿವಾರ ರಾತ್ರಿ ಹನ್ನೊಂದು ಗಂಟೆ. ಬನಶಂಕರಿಯ ನಮ್ಮ ಬಾಡಿಗೆ ಮನೆಯ ಹಾಲ್. ಟೇಬಲ್ ಮೇಲೆ ತಣ್ಣಗಾದ ಗೋಬಿ ಮಂಚೂರಿ, ಪೆನ್ಸಿಲ್ಲಿನಲ್ಲಿ ತುಂಬಿಸಿದ ನಾಲ್ಕು ಹಾಳೆ, ಒಂದು ಬಟ್ಟಲು ತುಂಬ ಬಣ್ಣ ಬಣ್ಣದ ದಾಳ. ನನ್ನ ಮುಂದೆ ಪಿಜ್ಜಾ ಡಬ್ಬಿ ಕತ್ತರಿಸಿ ಮಾಡಿದ ಒಂದು ಪರದೆ. ಅದರ ಹಿಂದೆ ನಾನೇನು ದಾಳ ಹಾಕ್ತೀನಿ ಅನ್ನೋದು ಉಳಿದವರಿಗೆ ಕಾಣಲ್ಲ.

"ಗೋಪುರದ ಬಾಗಿಲು ಅರ್ಧ ಮುರಿದಿದೆ. ಒಳಗಿನಿಂದ ಬಾತ್‌ರೂಮ್ ತೊಳೆಯೋ ಕ್ಲೋರಿನ್ ತರಹದ ಘಾಟು ಬರ್ತಿದೆ. ಮೇಲಿನ ಕತ್ತಲಲ್ಲಿ ಏನೋ ಭಾರವಾದದ್ದು ಮಗ್ಗುಲು ಬದಲಾಯಿಸಿತು" ಅಂದೆ.

ನಮ್ಮ ಫೈಟರ್ ಕುರ್ಚಿಯಿಂದ ಅರ್ಧ ಎದ್ದ. "ಡ್ರ್ಯಾಗನ್ ತಾನೆ? ನಾಲ್ಕು ಜನ ಇದ್ದೀವಿ ಗುರೂ. ನಾನು ಮುಂದೆ ನುಗ್ತೀನಿ, ನೀವು ಹಿಂದೆ ಬನ್ನಿ."

ನಮ್ಮ ಮಾಂತ್ರಿಕೆ ಏನೋ ಹೇಳಿದಳು. ಅವನ ದನಿ ದೊಡ್ಡದು, ಅದರಲ್ಲಿ ಮುಳುಗಿಹೋಯಿತು. ನಾನು ಪರದೆಯ ಹಿಂದೆ ಹನ್ನೆರಡು ದಾಳಗಳನ್ನು ಕೈಗೆ ತಗೊಂಡೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಗಿತ್ತು. ಎರಡು ತಿಂಗಳಿಂದ ಇವನ ಜಂಭ ಕೇಳಿ ಕೇಳಿ ಸಾಕಾಗಿತ್ತು. ಇವತ್ತು ಇಳಿಸ್ತೀನಿ ಅಂದ್ಕೊಂಡೆ.

ಐದು ನಿಮಿಷದ ನಂತರ ಆ ಟೇಬಲ್ಲಿನಲ್ಲಿ ಒಬ್ಬರ ಪಾತ್ರ ಸತ್ತಿತ್ತು. ಸತ್ತದ್ದು ಅವನದ್ದಲ್ಲ.

ಇದು ಯಾವ ಆಟ ಅಂತ ಮೊದಲು ಹೇಳಿಬಿಡ್ತೀನಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ನೆನಪಿರಬಹುದು, ಮೊದಲ ಎಪಿಸೋಡ್‌ನಲ್ಲಿ ಆ ಹುಡುಗರು ನೆಲಮಾಳಿಗೆಯಲ್ಲಿ ಕೂತು ಕೂಗಾಡ್ತಾ ಆಡ್ತಿರ್ತಾರಲ್ಲ, ಅದೇ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ಹೊರತಂದ ಆಟ. ಚೌಕಾಬಾರದ ಹಾಗೆ ಇದರಲ್ಲಿ ಮನೆ ಇಲ್ಲ, ಕಾಯಿ ಹಣ್ಣಾಗೋದಿಲ್ಲ. ಪ್ರತಿಯೊಬ್ಬರೂ ಒಂದು ಪಾತ್ರ ಆಗ್ತಾರೆ: ಕತ್ತಿ ಹಿಡಿದ ಫೈಟರ್, ಮಂತ್ರ ಹಾಕುವ ವಿಝರ್ಡ್, ಬೀಗ ಮುರಿಯುವ ರೋಗ್, ಗಾಯ ಮಾಯಿಸುವ ಕ್ಲೆರಿಕ್. ಒಬ್ಬರು ಮಾತ್ರ ಡಂಜನ್ ಮಾಸ್ಟರ್, ಅಂದರೆ ಡಿಎಂ. ಆ ಲೋಕ, ಅದರಲ್ಲಿನ ಹಳ್ಳಿ, ಕಾಡು, ಕಳ್ಳರು, ರಾಕ್ಷಸರು ಎಲ್ಲ ಡಿಎಂ ಬಾಯಲ್ಲಿ. "ನೀವೇನು ಮಾಡ್ತೀರಿ?" ಅಂತ ಡಿಎಂ ಕೇಳಬೇಕು, ಆಟಗಾರರು ಹೇಳಬೇಕು. ಆಗುತ್ತೋ ಇಲ್ಲವೋ ಅನ್ನೋ ಅನುಮಾನ ಬಂದಾಗ 20 ಮುಖದ ದಾಳ ಹಾಕಬೇಕು.

ನಮ್ಮೂರು ಸಾಗರದ ಕಡೆ. ಅಮ್ಮನಿಗೆ ಈ ಆಟ ಅರ್ಥ ಮಾಡಿಸೋಕೆ ಎಷ್ಟು ಒದ್ದಾಡಿದರೂ ಆಗಿರಲಿಲ್ಲ. ಕೊನೆಗೆ "ತಾಳಮದ್ದಳೆ ಇದ್ದ ಹಾಗೆ ಅಮ್ಮ, ವೇಷ ಇಲ್ಲ, ಕೂತಲ್ಲೇ ಪಾತ್ರ, ಮಾತು ಅಲ್ಲಲ್ಲೇ ಹುಟ್ಟಬೇಕು, ಭಾಗವತರ ಬದಲು ದಾಳ" ಅಂದ ಮೇಲೆ "ಹೌದಾ, ಹಂಗಾದ್ರೆ ಒಳ್ಳೇದೇ" ಅಂದಳು.

ಆಫೀಸ್ ಸ್ನೇಹಿತರು ನಾಲ್ವರು ಸೇರಿದಾಗ ಡಿಎಂ ಆಗೋಕೆ ಯಾರೂ ಒಪ್ಪಲಿಲ್ಲ. ಹೋಮ್‌ವರ್ಕ್ ಜಾಸ್ತಿ ಅಂತ. ಹಾಗಾಗಿ ನಾನು. 2014ರಲ್ಲಿ ಐದನೇ ಆವೃತ್ತಿಯ ಜೊತೆ ಬಂದ ಸ್ಟಾರ್ಟರ್ ಸೆಟ್‌ನಲ್ಲಿ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಅನ್ನೋ ಸಿದ್ಧ ಕಥೆ ಇದೆ. ಆಗ ಹೊಸಬರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡ್ತಿದ್ದದ್ದು. ಪಾತ್ರಗಳು ಒಂದನೇ ಲೆವೆಲ್‌ನಿಂದ ಐದನೇ ಲೆವೆಲ್‌ವರೆಗೆ ಬೆಳೆಯುತ್ತವೆ. ಆ ಕಥೆಯ ನಡುವೆ ಥಂಡರ್‌ಟ್ರೀ ಅನ್ನೋ ಹಾಳೂರು ಬರುತ್ತೆ. ಅಲ್ಲಿನ ಗೋಪುರದಲ್ಲಿ ವೆನಮ್‌ಫ್ಯಾಂಗ್ ಅನ್ನೋ ಹಸಿರು ಡ್ರ್ಯಾಗನ್. ಹೊಸಬರು ಮೂರನೇ ಲೆವೆಲ್ಲಿಗೇ ಅಲ್ಲಿಗೆ ಹೋಗಿಬಿಡಬಹುದು. ಹೋಗಬೇಡಿ ಅಂತ ಕಥೆ ಬಾಗಿಲು ಹಾಕೋದಿಲ್ಲ.

ಲೆಕ್ಕ ನೋಡಿ. ಆ ಡ್ರ್ಯಾಗನ್‌ಗೆ 136 ಹಿಟ್ ಪಾಯಿಂಟ್. ಅದು ಉಸಿರು ಬಿಟ್ಟರೆ 30 ಅಡಿ ಉದ್ದಕ್ಕೆ ವಿಷದ ಗಾಳಿ. ಆರು ಮುಖದ ದಾಳ ಹನ್ನೆರಡು, ಸರಾಸರಿ 42 ಡ್ಯಾಮೇಜ್. ತಡೆದುಕೊಂಡರೆ ಅರ್ಧ. ನಮ್ಮ ಫೈಟರ್‌ಗೆ ಆಗ ಇದ್ದದ್ದು 31 ಪಾಯಿಂಟ್. ಮಾಂತ್ರಿಕೆಗೆ 20.

ಆವತ್ತು ನನಗೆ ಬಿದ್ದದ್ದು 44. ಫೈಟರ್ ದಾಳ ಚೆನ್ನಾಗಿ ಬಿತ್ತು, ಅರ್ಧ ಡ್ಯಾಮೇಜ್, ಒಂಬತ್ತು ಪಾಯಿಂಟ್ ಉಳಿಸಿಕೊಂಡು ನಿಂತ. ಕ್ಲೆರಿಕ್ ಪ್ರಜ್ಞೆ ತಪ್ಪಿ ಬಿದ್ದ. ರೋಗ್ ಬಾಗಿಲ ಹೊರಗಿದ್ದ, ಬಚಾವ್. ಮಾಂತ್ರಿಕೆ ಫೈಟರ್‌ನ ಬೆನ್ನ ಹಿಂದೆಯೇ ಇದ್ದಳು, ತಡೆದುಕೊಳ್ಳೋಕೆ ಆಗಲಿಲ್ಲ. ಈ ಆಟದಲ್ಲಿ ಸಾಮಾನ್ಯವಾಗಿ ಪಾಯಿಂಟ್ ಸೊನ್ನೆಗೆ ಇಳಿದರೆ ತಕ್ಷಣ ಸಾಯಲ್ಲ, ಸಾವಿನ ವಿರುದ್ಧ ದಾಳ ಹಾಕ್ತಾ ಬರಬೇಕು, ಮೂರು ಸಲ ಸೋತರೆ ಸಾವು. ಆದರೆ ಇನ್ನೊಂದು ನಿಯಮ ಇದೆ: ಸೊನ್ನೆಯಾದ ಮೇಲೂ ಉಳಿದ ಡ್ಯಾಮೇಜ್ ನಿಮ್ಮ ಪೂರ್ತಿ ಪಾಯಿಂಟ್‌ನಷ್ಟೇ ಇದ್ದರೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಲ್ಲೇ ಮುಗಿಯಿತು. 44ರಲ್ಲಿ 20 ಕಳೆದರೆ 24.

"ಅಂದ್ರೆ?" ಅಂದಳು.

"ಅಂದ್ರೆ... ಸತ್ತುಹೋದ್ರಿ."

"ಓ. ಪರವಾಗಿಲ್ಲ" ಅಂದಳು. ಆ ಪಾತ್ರಕ್ಕೆ ಅವಳು ನಾಲ್ಕು ಪುಟ ಪೂರ್ವಕಥೆ ಬರೆದಿದ್ದಳು. ಹಾಳೆಯನ್ನು ಎರಡು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡು ಕ್ಯಾಬ್ ಬುಕ್ ಮಾಡಿದಳು. ಮುಂದಿನ ಮೂರು ಶನಿವಾರ ಬರಲಿಲ್ಲ.

ಜಂಭ ಎಲ್ಲಿಂದ ಬಂತು?

'ಉತ್ತರನ ಪೌರುಷ ಒಲೆ ಮುಂದೆ' ಅಂತ ಗಾದೆ ಇದೆಯಲ್ಲ, ನಾನು ಫೈಟರ್‌ಗೆ ಅದನ್ನು ಎಷ್ಟು ಸಲ ಹೇಳಿದ್ದೆನೋ. ಅಂತಃಪುರದಲ್ಲಿ ಕೊಚ್ಚಿಕೊಂಡು ಕೌರವ ಸೇನೆ ಕಂಡಾಗ ರಥದಿಂದ ಇಳಿದು ಓಡಿದವನು ಉತ್ತರಕುಮಾರ. ಆದರೆ ನಮ್ಮವನು ಓಡಿದವನಲ್ಲ. ಅವನ ಧೈರ್ಯಕ್ಕೆ ಕಾರಣ ಇತ್ತು, ಆ ಕಾರಣ ನಾನೇ.

ಮೊದಲ ದಿನದಿಂದ ಶುರು ಮಾಡ್ತೀನಿ. ಕಥೆಯ ಮೊದಲ ದೃಶ್ಯದಲ್ಲೇ ನಾಲ್ಕು ಗೋಬ್ಲಿನ್‌ಗಳು ದಾರಿಯಲ್ಲಿ ಅಡ್ಡ ಹಾಕ್ತವೆ. ಒಂದನೇ ಲೆವೆಲ್ ಪಾತ್ರಗಳಿಗೆ ಅದು ಮಾರಣಾಂತಿಕ. ಎರಡು ಬಾಣ ಸರಿಯಾಗಿ ಬಿದ್ದರೆ ಒಬ್ಬರು ನೆಲಕ್ಕೆ. ಆವತ್ತು ಪರದೆಯ ಹಿಂದೆ ಬಾಣಗಳು ಸರಿಯಾಗಿಯೇ ಬಿದ್ದವು. ಮೊದಲ ದಿನವೇ ಯಾರಾದರೂ ಸತ್ತರೆ ಮುಂದಿನ ವಾರ ಬರ್ತಾರಾ ಅಂತ ಹೆದರಿ "ಗುರಿ ತಪ್ಪಿತು" ಅಂದುಬಿಟ್ಟೆ.

ಮುಂದಿನ ವಾರ ಗುಹೆಯಲ್ಲಿ ಕ್ಲಾರ್ಗ್ ಅನ್ನೋ ಬಗ್‌ಬೇರ್. ಮುಳ್ಳಿನ ಗದೆ, ಸರಾಸರಿ ಹೊಡೆತವೇ 11. ದಾಳದಲ್ಲಿ ಇಪ್ಪತ್ತು ಬಿತ್ತು, ಅಂದರೆ ಕ್ರಿಟಿಕಲ್, ದುಪ್ಪಟ್ಟು ದಾಳ. ನಾನು "ಐದು ಡ್ಯಾಮೇಜ್" ಅಂದೆ. ಫೈಟರ್ ನಕ್ಕು "ಇಷ್ಟೇನಾ?" ಅಂದ.

ಹೀಗೆ ಎರಡು ತಿಂಗಳು. ಏಳೋ ಎಂಟೋ ಶನಿವಾರ. ಒಬ್ಬರೂ ಒಮ್ಮೆಯೂ ಬೀಳಲಿಲ್ಲ. ಅವನ ಜಾಗದಲ್ಲಿ ಯಾರೇ ಇದ್ದರೂ ನಾನು ಅಜೇಯ ಅಂತಲೇ ತಿಳಿದುಕೊಳ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಎಲ್ಲ ಟೆಸ್ಟ್ ಕೇಸ್‌ಗೂ ನಾನೇ 'ಪಾಸ್' ಅಂತ ಹಾರ್ಡ್‌ಕೋಡ್ ಮಾಡಿಟ್ಟು, ಪ್ರೊಡಕ್ಷನ್‌ನಲ್ಲಿ ಬಿದ್ದಾಗ ಡೆವಲಪರ್‌ಗೆ ಬೈದ ಹಾಗಾಯಿತು.

ಇನ್ನೊಂದು ಕಾರಣ ಆಮೇಲೆ ಪುಸ್ತಕ ಸರಿಯಾಗಿ ಓದಿದಾಗ ಗೊತ್ತಾಯಿತು. 2014ರ ಡಂಜನ್ ಮಾಸ್ಟರ್ಸ್ ಗೈಡ್ ಲೆಕ್ಕದ ಪ್ರಕಾರ ಒಂದು ಪೂರ್ತಿ ವಿಶ್ರಾಂತಿಗೂ ಇನ್ನೊಂದಕ್ಕೂ ನಡುವೆ ಆರರಿಂದ ಎಂಟು ಸಾಧಾರಣ ಅಥವಾ ಕಷ್ಟದ ಮುಖಾಮುಖಿಗಳನ್ನು ಪಾತ್ರಗಳು ತಡೆಯಬಲ್ಲವು. ಮಂತ್ರಗಳು, ಔಷಧಿ, ಪಾಯಿಂಟ್ ಎಲ್ಲ ನಿಧಾನಕ್ಕೆ ಕರಗುತ್ತಾ ಬರಬೇಕು. ನಮ್ಮದು ವಾರಕ್ಕೆ ಮೂರು ಗಂಟೆಯ ಆಟ. ಒಂದು ಜಗಳ, ಅದಾದ ಮೇಲೆ "ಎಲ್ಲರೂ ಮಲಗಿದ್ರು, ಬೆಳಗಾಯ್ತು". ಹಾಗಾಗಿ ಪ್ರತಿ ಜಗಳಕ್ಕೂ ಎಲ್ಲರ ಜೇಬೂ ತುಂಬಿರ್ತಿತ್ತು. ತಿಂಗಳ ಒಂದನೇ ತಾರೀಖು ಎಲ್ಲರೂ ಉದಾರಿಗಳೇ ಅಲ್ವಾ?

ತಲೆಬುರುಡೆ ಮತ್ತು ಕೋಬಾಲ್ಡ್

ಬೀಗುವ ಆಟಗಾರರನ್ನು ಏನು ಮಾಡಬೇಕು ಅನ್ನೋದು ಈ ಆಟದಷ್ಟೇ ಹಳೆಯ ಪ್ರಶ್ನೆ. ಗೈಗ್ಯಾಕ್ಸ್‌ಗೇ ಈ ತಲೆನೋವಿತ್ತು. ಅವರ ಟೇಬಲ್ಲಿನಲ್ಲಿ ರಾಬ್ ಕುಂಟ್ಜ್ ಆಡುತ್ತಿದ್ದ ರೋಬಿಲಾರ್, ಸ್ವಂತ ಮಗ ಅರ್ನಿ ಆಡುತ್ತಿದ್ದ ಟೆನ್ಸರ್, ಈ ಎರಡು ಪಾತ್ರಗಳನ್ನು ಯಾರೂ ಸೋಲಿಸೋಕೆ ಆಗ್ತಿರಲಿಲ್ಲ. ಅವರನ್ನು ಮನಸ್ಸಲ್ಲಿಟ್ಟುಕೊಂಡು ಗೈಗ್ಯಾಕ್ಸ್ ಕಟ್ಟಿದ್ದು 'ಟೂಂಬ್ ಆಫ್ ಹಾರರ್ಸ್' ಅನ್ನೋ ಗೋರಿ. 1975ರಲ್ಲಿ ಒರಿಜಿನ್ಸ್ ಸಮ್ಮೇಳನದಲ್ಲಿ ಅದನ್ನು ಸ್ಪರ್ಧೆಯಾಗಿ ಆಡಿಸಿದರು, 1978ರಲ್ಲಿ ಪುಸ್ತಕವಾಯಿತು.

ಅದರಲ್ಲಿ ಹೊಡೆದಾಟ ಕಡಿಮೆ, ಬಲೆಗಳೇ ಎಲ್ಲ. ಗೋಡೆಯ ಮೇಲೊಂದು ಹಸಿರು ರಾಕ್ಷಸನ ಮುಖ ಇದೆ, ಬಾಯಿ ತೆರೆದುಕೊಂಡು, ಒಳಗೆ ಕಪ್ಪು ಕತ್ತಲು. ದಾರಿ ಇರಬಹುದು ಅಂತ ನುಗ್ಗಿದವನು ಪೂರ್ತಿ ಮಾಯ. ದಾಳ ಹಾಕುವ ಅವಕಾಶವೂ ಇಲ್ಲ. ಕೊನೆಯಲ್ಲಿ ಅಸೆರೆರಾಕ್ ಅನ್ನೋ ಮಾಂತ್ರಿಕನ ತಲೆಬುರುಡೆ, ಆತ್ಮವನ್ನೇ ಹೀರಿಬಿಡುತ್ತೆ.

ರೋಬಿಲಾರ್ ಏನು ಮಾಡಿದ ಗೊತ್ತಾ? ತನ್ನ ಆಳುಗಳಾದ ಓರ್ಕ್‌ಗಳನ್ನು ಒಬ್ಬೊಬ್ಬರಾಗಿ ಮುಂದೆ ಕಳಿಸಿದ. ಅವರು ಸಾಯುತ್ತಾ ಹೋದರು, ದಾರಿ ಗೊತ್ತಾಗುತ್ತಾ ಹೋಯಿತು. ಬುರುಡೆ ಮೇಲೇಳುತ್ತಿದ್ದ ಹಾಗೆ ಕೈಗೆ ಸಿಕ್ಕ ನಿಧಿಯನ್ನು ಚೀಲಕ್ಕೆ ತುಂಬಿಕೊಂಡು ಪರಾರಿ! ಗರ್ವಭಂಗ ಆಗಲೇ ಇಲ್ಲ. ಜಾಣನಿಗೆ ಎಂಥ ಬಲೆ ಒಡ್ಡಿದರೂ ಅವನು ಬೇರೆ ಯಾರನ್ನೋ ಅದರಲ್ಲಿ ಬೀಳಿಸಿ ದಾಟ್ತಾನೆ. ನಮ್ಮ ಡ್ರ್ಯಾಗನ್ ಕಥೆಯಲ್ಲೂ ಆದದ್ದು ಅದೇ ಅಲ್ವಾ, ನಮ್ಮವನು ಬೇಕಂತ ಮಾಡಿದ್ದಲ್ಲ ಅಷ್ಟೇ.

ಇದಕ್ಕೆ ಉಲ್ಟಾ ಉದಾಹರಣೆ 1987ರ 'ಡ್ರ್ಯಾಗನ್' ಪತ್ರಿಕೆಯ 127ನೇ ಸಂಚಿಕೆಯಲ್ಲಿದೆ. ಸಂಪಾದಕ ರೋಜರ್ ಮೂರ್ ಅಲ್ಲಿ ಟಕರ್ ಅನ್ನೋ ಡಿಎಂ ಬಗ್ಗೆ ಬರೆದರು. ಕೋಬಾಲ್ಡ್ ಅಂದರೆ ಈ ಆಟದ ಅತ್ಯಂತ ಬಡಪಾಯಿ ಜೀವಿಗಳಲ್ಲಿ ಒಂದು, ಮೊಣಕಾಲೆತ್ತರಕ್ಕಿಂತ ಸ್ವಲ್ಪ ಜಾಸ್ತಿ ಇರೋ ಹಲ್ಲಿಮೂತಿ. ಆದರೆ ಟಕರ್‌ನ ಕೋಬಾಲ್ಡ್‌ಗಳು ಸುರಂಗ ತೋಡಿದ್ದವು, ಗೋಡೆಗೆ ಕಿಂಡಿ ಕೊರೆದಿದ್ದವು, ಉರಿಯೋ ಕಸವನ್ನು ದಾರಿಗೆ ತಳ್ತಿದ್ದವು, ಎದುರು ನಿಲ್ಲದೆ ಹೊಡೆದು ಓಡ್ತಿದ್ದವು. ದೊಡ್ಡ ದೊಡ್ಡ ರಾಕ್ಷಸರನ್ನು ಕೊಂದ ವೀರರು ಅವುಗಳ ಹೆಸರು ಕೇಳಿದರೆ ನಡುಗ್ತಿದ್ದರಂತೆ. ಇವತ್ತಿಗೂ ಡಿಎಂಗಳ ನಡುವೆ 'ಟಕರ್ಸ್ ಕೋಬಾಲ್ಡ್ಸ್' ಅಂದರೆ ಸಾಕು, ಎಲ್ಲರಿಗೂ ಅರ್ಥ ಆಗುತ್ತೆ.

ಟಕರ್ ವಿಧಾನ ನನಗೆ ಇಷ್ಟವಾಗೋಕೆ ಕಾರಣ, ಅದರಲ್ಲಿ ಡಿಎಂ ಮೋಸ ಮಾಡಬೇಕಾಗಿಲ್ಲ. ಯಾವ ಸಂಖ್ಯೆಯನ್ನೂ ಹೆಚ್ಚಿಸಬೇಕಾಗಿಲ್ಲ. ಆ ಪುಟ್ಟ ಜೀವಿಗಳಿಗೂ ಬದುಕೋ ಆಸೆ ಇದೆ, ಮನೆ ಇದೆ, ಮನೆಯ ಮೂಲೆ ಮೂಲೆ ಗೊತ್ತಿದೆ ಅಂತ ಒಪ್ಪಿಕೊಂಡರೆ ಸಾಕು.

ಕ್ಯಾಂಟೀನ್‌ನಲ್ಲಿ ಕೇಳಿದ್ದು

ಮೂರನೇ ಶನಿವಾರವೂ ಬರದೆ ಇದ್ದಾಗ ಸೋಮವಾರ ಆಫೀಸ್ ಕ್ಯಾಂಟೀನ್‌ನಲ್ಲಿ ನಮ್ಮ ಮಾಂತ್ರಿಕೆಯನ್ನು ಹಿಡಿದೆ. ಅವಳು ಟೆಸ್ಟಿಂಗ್ ಟೀಮ್. ಬೇಜಾರು ಮಾಡ್ಕೋಬೇಡ, ದಾಳ ಹಾಗೆ ಬಿತ್ತು, ಬೇರೆ ಪಾತ್ರ ಮಾಡಿಕೊಡ್ತೀನಿ ಅಂತೆಲ್ಲ ಶುರು ಮಾಡಿದೆ.

"ಸತ್ತಿದ್ದಕ್ಕೆ ಬೇಜಾರಿಲ್ಲ ಮಾರಾಯ" ಅಂದಳು. "ಆವತ್ತು ನಾನು ಎರಡು ಸಲ ಹೇಳ್ದೆ. ಊರ ಅಂಚಲ್ಲಿ ಸಿಕ್ಕ ಆ ಮುದುಕ ಡ್ರುಯಿಡ್ ಎಚ್ಚರಿಕೆ ಕೊಟ್ಟಿದ್ದಾನೆ, ವಾಪಸ್ ಹೋಗೋಣ, ಬೇಡ ಅಂತ. ಎರಡನೇ ಸಲ ನಿನ್ನ ಮುಖ ನೋಡ್ಕೊಂಡೇ ಹೇಳ್ದೆ. ನೀನು ನಕ್ಕೆ."

ನನಗೆ ನೆನಪೇ ಇರಲಿಲ್ಲ. ಆಮೇಲೆ ನೆನಪಾಯಿತು. ನಕ್ಕಿದ್ದೆ. ಅವಳನ್ನು ನೋಡಿ ಅಲ್ಲ, ಫೈಟರ್‌ಗೆ ಕಾದಿರೋ ಪಾಠ ನೆನೆಸ್ಕೊಂಡು. ಆದರೆ ಅವಳ ಕಡೆಯಿಂದ ನೋಡಿದರೆ ಎರಡಕ್ಕೂ ಏನು ವ್ಯತ್ಯಾಸ?

"ದಿನಾ ಸ್ಟ್ಯಾಂಡ್‌ಅಪ್‌ನಲ್ಲಿ ಇದೇ ಆಗೋದು" ಅಂತ ಅವಳು ಮೊಸರನ್ನ ಕಲಸ್ತಾ ಹೇಳಿದಳು. "ಈ ರಿಲೀಸ್ ಬೇಡ ಅಂತ ನಾನು ಹೇಳೋದು, ಯಾರೋ 'ಏನಾಗಲ್ಲ ಬಿಡಿ' ಅನ್ನೋದು, ರಾತ್ರಿ ಎರಡು ಗಂಟೆಗೆ ಫೋನ್ ಬರೋದು ನನಗೆ. ಶನಿವಾರನೂ ಅದನ್ನೇ ಆಡೋಕೆ ನಾನ್ಯಾಕೆ ಬನಶಂಕರಿಗೆ ಬರ್ಲಿ?"

ಅವತ್ತು ಮಧ್ಯಾಹ್ನ ಒಂದು ಸಾಲು ಕೋಡ್ ಬರೆಯೋಕೆ ಆಗಲಿಲ್ಲ. ದೊಡ್ಡಪ್ಪನ ನೆನಪು ಬಂತು.

ದೊಡ್ಡಪ್ಪ ತಾಳಮದ್ದಳೆ ಅರ್ಥಧಾರಿ. ಅಂಥ ಹೆಸರುವಾಸಿ ಏನಲ್ಲ, ಸುತ್ತಮುತ್ತ ನಾಲ್ಕೂರಲ್ಲಿ ಕರೀತಿದ್ದರು. ನನಗೆ ಹತ್ತು ಹನ್ನೊಂದು ವರ್ಷ ಇದ್ದಾಗ ಒಂದು ರಾತ್ರಿ 'ಕೃಷ್ಣ ಸಂಧಾನ'. ದೊಡ್ಡಪ್ಪನದ್ದು ಕೃಷ್ಣ. ಕೌರವನಾಗಿ ಕೂತವನು ಹೊಸ ಹುಡುಗ, ಕಾಲೇಜಲ್ಲಿ ಬಹುಮಾನ ತಗೊಂಡವನು, ಮಾತಿನ ಮಲ್ಲ. ಹಿರಿಯರನ್ನೆಲ್ಲ ಮಾತಲ್ಲೇ ಮಡಚಿಹಾಕ್ತಿದ್ದ. ದೊಡ್ಡಪ್ಪ ಸುಮ್ಮನೆ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಹಾಕಿದರು. ಹುಡುಗ ತಡವರಿಸಿದ. ಸಭೆಯಲ್ಲಿ ಯಾರೋ ಕೆಮ್ಮಿದರು. ಇನ್ನೊಂದು ಮಾತು ಆಡಿದ್ದರೆ ಹುಡುಗ ಎದ್ದು ಹೋಗ್ತಿದ್ದ. ದೊಡ್ಡಪ್ಪ ಆ ಮಾತು ಆಡಲಿಲ್ಲ. "ನಿನ್ನ ಪಿತಾಮಹರನ್ನಾದರೂ ಕೇಳಬಹುದಲ್ಲ" ಅನ್ನೋ ಧಾಟಿಯಲ್ಲಿ ಏನೋ ಅಂದರು. ಹುಡುಗನಿಗೆ ಅಲ್ಲೊಂದು ದಾರಿ ಕಂಡಿತು, ಭೀಷ್ಮನ ಹೆಸರು ಹಿಡಿದುಕೊಂಡು ಮೇಲೆದ್ದ. ಆಮೇಲೆ ಇಬ್ಬರ ಮಾತು ಏರಿದ್ದು ಏರಿದ್ದೇ.

ಮನೆಗೆ ನಡೆದು ಬರುವಾಗ "ಅವನನ್ನ ಯಾಕೆ ಬಿಟ್ಟೆ ದೊಡ್ಡಪ್ಪ?" ಅಂತ ಕೇಳಿದ್ದೆ.

"ಅವ ಎದ್ದು ಹೋದ್ರೆ ಬೆಳಗಿನವರೆಗೆ ನಾನು ಯಾರ ಹತ್ರ ಮಾತಾಡ್ಲಿ? ಕಂಬದ ಹತ್ರವಾ?" ಅಂದು ಬ್ಯಾಟರಿ ಬೆಳಕನ್ನು ದಾರಿಗೆ ಬಿಟ್ಟರು.

ಇಲಿ ಬಿಲಕ್ಕೆ ಹೊಗೆ

ಅವಳು ವಾಪಸ್ ಬಂದಳು, ಒಂದು ಷರತ್ತಿನ ಮೇಲೆ. ದೊಡ್ಡ ನಿರ್ಧಾರ ತಗೊಳ್ಳೋ ಮೊದಲು ಡಿಎಂ ನಾಲ್ಕೂ ಜನರನ್ನು ಹೆಸರು ಹಿಡಿದು ಕೇಳಬೇಕು. ಹೊಸ ಪಾತ್ರ, ಸತ್ತ ಮಾಂತ್ರಿಕೆಯ ತಂಗಿ. ಅಕ್ಕನ ಡೈರಿ ಕೈಯಲ್ಲಿ. ಆ ನಾಲ್ಕು ಪುಟ ಪೂರ್ವಕಥೆ ವ್ಯರ್ಥ ಆಗಲಿಲ್ಲ ನೋಡಿ.

ಅವಳು ಬಂದ ದಿನವೇ ನಾನು ಪಿಜ್ಜಾ ಡಬ್ಬಿಯ ಪರದೆ ತೆಗೆದು ಪಕ್ಕಕ್ಕಿಟ್ಟೆ. ಎರಡು ತಿಂಗಳು ಏನು ಮಾಡಿದ್ದೆ ಅಂತ ಎಲ್ಲರ ಮುಂದೆ ಹೇಳಿದೆ. ಗೋಬ್ಲಿನ್ ಬಾಣದಿಂದ ಹಿಡಿದು. ರೋಗ್ ಮತ್ತು ಕ್ಲೆರಿಕ್ ನಕ್ಕರು. ಫೈಟರ್ ನಗಲಿಲ್ಲ.

"ಕ್ಲಾರ್ಗ್ ಹೊಡೆತ ನಿಜವಾಗ್ಲೂ ಎಷ್ಟು ಬಿದ್ದಿತ್ತು?"

"ಇಪ್ಪತ್ತು. ಕ್ರಿಟಿಕಲ್."

"ಹಾಗಾದ್ರೆ ನಾನು ಗೆದ್ದಿದ್ದು ಯಾವುದೂ ನಿಜ ಅಲ್ವಾ?"

ಏನು ಹೇಳೋದು? ಅವನು ಎಂಥ ಮಾತಿನ ಗಿರಾಕಿ ಅಂದ್ರೆ, ಅವನ ಮುಖ ಹಾಗೆ ಇಳಿದದ್ದನ್ನು ನಾನು ಏಳು ವರ್ಷದ ಸ್ನೇಹದಲ್ಲಿ ಎರಡೋ ಮೂರೋ ಸಲ ನೋಡಿರಬಹುದು. ಡ್ರ್ಯಾಗನ್ ಮಾಡಲಾಗದ ಕೆಲಸವನ್ನು ಈ ಉತ್ತರ ಮಾಡಿತ್ತು. ನೋಡೋಕೆ ಚೆನ್ನಾಗಿರಲಿಲ್ಲ. ಇನ್ನು ಮುಂದೆ ಎಲ್ಲ ದಾಳ ಟೇಬಲ್ ನಡುವೆ, ಎಲ್ಲರ ಕಣ್ಣೆದುರು ಅಂತ ಮಾತು ಕೊಟ್ಟೆ. ಅವನು "ಸರಿ, ಆಡು" ಅಂದ, ಅಷ್ಟೇ.

ಎರಡು ತಿಂಗಳ ನಂತರ, ಐದನೇ ಲೆವೆಲ್‌ನಲ್ಲಿ, ಕೋಬಾಲ್ಡ್ ಗುಹೆ. ಇದು ಪುಸ್ತಕದ್ದಲ್ಲ, ನಾನೇ ಬರೆದದ್ದು.

ಕೋಬಾಲ್ಡ್‌ಗೆ ಐದೇ ಹಿಟ್ ಪಾಯಿಂಟ್. ವಿಝರ್ಡ್‌ಗೆ ಈಗ ಫೈರ್‌ಬಾಲ್ ಬಂದಿದೆ, ಆರು ಮುಖದ ದಾಳ ಎಂಟು, ಸರಾಸರಿ 28. ತಪ್ಪಿಸಿಕೊಂಡು ಅರ್ಧ ತಗೊಂಡರೂ 14, ಕೋಬಾಲ್ಡ್ ಬೂದಿ. ಆದ್ದರಿಂದ ನನ್ನ ಕೋಬಾಲ್ಡ್‌ಗಳು ಯಾವತ್ತೂ ಒಂದೇ ಕಡೆ ಗುಂಪಾಗಿ ನಿಲ್ಲಲ್ಲ ಅಂತ ತೀರ್ಮಾನಿಸಿದೆ. ಐದನೇ ಲೆವೆಲ್ ವಿಝರ್ಡ್‌ಗೆ ನಡುವೆ ವಿಶ್ರಾಂತಿ ಸಿಗದಿದ್ದರೆ ಎರಡೇ ಫೈರ್‌ಬಾಲ್. ಎರಡನ್ನೂ ಮೂರ್ಮೂರು ಕೋಬಾಲ್ಡ್ ಮೇಲೆ ಖರ್ಚು ಮಾಡಿಸಿದರೆ ಸಾಕು.

ಇನ್ನು ಫೈಟರ್. ಗುರಾಣಿ ಸೇರಿ ಅವನ ಆರ್ಮರ್ ಕ್ಲಾಸ್ 18. ಕೋಬಾಲ್ಡ್ ಅವನಿಗೆ ತಾಗಿಸಬೇಕಾದರೆ ದಾಳದಲ್ಲಿ 14 ಅಥವಾ ಹೆಚ್ಚು ಬೀಳಬೇಕು, ಅಂದರೆ ಶೇ. 35 ಸಾಧ್ಯತೆ. ಆದರೆ ಜೊತೆಯವನೊಬ್ಬ ಶತ್ರುವಿನ ಪಕ್ಕದಲ್ಲಿದ್ದರೆ ಕೋಬಾಲ್ಡ್‌ಗೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಅನುಕೂಲ. ಆಗ ಸಾಧ್ಯತೆ ಸುಮಾರು ಶೇ. 58ಕ್ಕೆ ಏರುತ್ತೆ. ಒಂದು ಹೊಡೆತಕ್ಕೆ ಸರಾಸರಿ ನಾಲ್ಕೂವರೆ. ಹತ್ತು ಕೋಬಾಲ್ಡ್ ಅಂದರೆ ಒಂದು ಸುತ್ತಿಗೆ 26. ಅವನ ಹತ್ತಿರ ಇದ್ದದ್ದು 49. ಎರಡು ಸುತ್ತು, ಆಟದ ಲೆಕ್ಕದಲ್ಲಿ 12 ಸೆಕೆಂಡ್. ಎಕ್ಸೆಲ್‌ನಲ್ಲಿ ಇದನ್ನು ಹಾಕಿ ನೋಡಿದಾಗ ನನಗೇ ಒಂದು ಕ್ಷಣ ಗಾಬರಿಯಾಯಿತು.

ಜೊತೆಗೆ ಸುರಂಗ. ಕೋಬಾಲ್ಡ್ ಆರಾಮಾಗಿ ಓಡಾಡೋ ಸಂದಿಯಲ್ಲಿ ಮನುಷ್ಯ ನುಸುಳಬೇಕು. ನುಸುಳುವಾಗ ನಡಿಗೆ ನಿಧಾನ, ಅವನ ಹೊಡೆತ ತಾಗೋದು ಕಷ್ಟ, ಅವನಿಗೆ ಹೊಡೆಯೋದು ಸುಲಭ.

ಆದರೆ ಈ ಸಲ ಎಲ್ಲ ಮೊದಲೇ ತೋರಿಸಿದೆ. ಇದೊಂದು ವಿಷಯದಲ್ಲಿ ನಾನು ಪೂರ್ತಿ ಬದಲಾಗಿದ್ದೀನಿ. ಗುಹೆಯ ಬಾಯಲ್ಲಿ ಒಬ್ಬ ಬಾಡಿಗೆ ಸೈನಿಕನ ಒಳ್ಳೆಯ ಕವಚ ಬಿದ್ದಿತ್ತು, ಅದರ ತುಂಬ ಚಿಕ್ಕ ಚಿಕ್ಕ ತೂತು. ಗೋಡೆಯಲ್ಲಿ ಕೈ ತೂರುವಷ್ಟು ಕಿಂಡಿಗಳು. ಹಳ್ಳಿಯ ಕುರಿ ಕಾಯುವವನು ಹೇಳಿದ, "ರಾತ್ರಿ ಮಾತ್ರ ಬರ್ತವೆ, ಹಗಲು ಒಂದೂ ಕಾಣಲ್ಲ". ಪಾತ್ರಕ್ಕೆ ಗೊತ್ತಿರಬೇಕಾದ ಸಂಗತಿಯನ್ನು ಆಟಗಾರನಿಂದ ಮುಚ್ಚಿಟ್ಟು ಆಮೇಲೆ ಹೊಡೆಯೋದು ಸವಾಲಲ್ಲ, ಕಣ್ಣಾಮುಚ್ಚಾಲೆಯಲ್ಲಿ ಬಾವಿ ಪಕ್ಕ ನಿಲ್ಲಿಸಿದ ಹಾಗೆ.

ನಾಲ್ವರನ್ನೂ ಕೇಳಿದೆ. ಫೈಟರ್ "ಕೋಬಾಲ್ಡ್ ಕಣ್ರೋ!" ಅಂದ. ಹಳೇ ಚಾಳಿ. ಮಾಂತ್ರಿಕೆ ಆ ಕವಚದ ತೂತುಗಳ ಬಗ್ಗೆ ಹೇಳಿದಳು. ಮೂರು ಮಂದಿ ಒಳಗೆ ಹೋಗೋಣ ಅಂದರು, ಹೋದರು.

ಮೂರನೇ ತಿರುವಿನಲ್ಲಿ ಫೈಟರ್ ಸಿಕ್ಕಿಕೊಂಡ. ಮುಂದೆ ನಾಲ್ಕು, ಹಿಂದೆ ಕಿಂಡಿಗಳಿಂದ ಕವಣೆ ಕಲ್ಲು. ದಾಳಗಳು ಟೇಬಲ್ ನಡುವೆ, ಎಲ್ಲರ ಕಣ್ಣೆದುರು ಉರುಳ್ತಿದ್ದವು. 49 ಇದ್ದದ್ದು 31, ಅದು 12. ಯಾರೂ ನನ್ನ ಮುಖ ನೋಡ್ತಿರಲಿಲ್ಲ, ದಾಳವನ್ನೇ ನೋಡ್ತಿದ್ದರು. ಅವನು ತನ್ನ ಹಾಳೆ ನೋಡಿದ, ಮಾಂತ್ರಿಕೆ ಕಡೆ ತಿರುಗಿದ.

"ವಾಪಸ್?"

"ವಾಪಸ್" ಅಂದಳು ಅವಳು.

ಆ ಸುರಂಗದಿಂದ ಹೊರಬರೋಕೆ ನಲವತ್ತು ನಿಮಿಷ ತಗೊಂಡರು. ನಮ್ಮ ಆಟದಲ್ಲಿ ಅಷ್ಟು ಚೆನ್ನಾಗಿದ್ದ ನಲವತ್ತು ನಿಮಿಷ ನನಗೆ ಬೇರೆ ನೆನಪಿಲ್ಲ. ರೋಗ್ ಎಣ್ಣೆ ಚೆಲ್ಲಿದ, ಕ್ಲೆರಿಕ್ ಕೊನೆಯ ಮಂತ್ರ ಖರ್ಚು ಮಾಡಿದ, ಫೈಟರ್ ಗುರಾಣಿ ಅಡ್ಡ ಇಟ್ಟು ಎಲ್ಲರೂ ಹೊರಗೆ ಹೋಗೋವರೆಗೆ ಹಿಂದೆ ನಿಂತ.

ಮುಂದಿನ ಶನಿವಾರ ಮಾಂತ್ರಿಕೆ ಕೇಳಿದಳು, "ಹಗಲು ಬರಲ್ಲ ಅಂದ್ರಲ್ಲ, ಬೆಳಕಲ್ಲಿ ಅವಕ್ಕೆ ಕಣ್ಣು ಕಾಣಲ್ವಾ?" ನಿಯಮ ಹಾಗೇ ಇದೆ. ಬಿಸಿಲಲ್ಲಿ ಕೋಬಾಲ್ಡ್ ಹೊಡೆತಕ್ಕೆ ಅನಾನುಕೂಲ. ಜೊತೆಯವರಿಂದ ಬರೋ ಅನುಕೂಲ, ಬಿಸಿಲಿನ ಅನಾನುಕೂಲ, ಒಂದಕ್ಕೊಂದು ವಜಾ. ಶೇ. 58 ಮತ್ತೆ 35ಕ್ಕೆ ಇಳೀತು.

"ಹಂಗಾದ್ರೆ ಹೊರಗೆ ಕರೆಸೋಣ. ನಮ್ಮಜ್ಜಿ ಗದ್ದೆ ಬದುವಿನಲ್ಲಿ ಇಲಿ ಬಿಲಕ್ಕೆ ಹೊಗೆ ಹಾಕಿಸ್ತಿದ್ರು. ಒಂದು ಬಾಯಿಗೆ ಹೊಗೆ, ಇನ್ನೊಂದು ಬಾಯಲ್ಲಿ ಕೋಲು ಹಿಡ್ಕೊಂಡು ಜನ."

ಇಡೀ ಬೆಳಗ್ಗೆ ಹಿಂಬಾಗಿಲು ಹುಡುಕಿದರು. ನಡುಮಧ್ಯಾಹ್ನ ಹಸಿ ಸೊಪ್ಪಿಗೆ ಬೆಂಕಿ. ನಾನು ಎರಡು ವಾರ ಕೂತು ಬಿಡಿಸಿದ ಸುರಂಗದ ನಕ್ಷೆ, ಹನ್ನೊಂದು ಬಲೆಗಳು, ಒಂದನ್ನೂ ಅವರು ನೋಡಲಿಲ್ಲ. ಹೊಟ್ಟೆ ಉರೀತು, ಇಲ್ಲ ಅನ್ನಲ್ಲ. ಬಿಸಿಲಿಗೆ ಬಂದು ಕಣ್ಣುಜ್ಜಿಕೊಳ್ಳುತ್ತಿದ್ದ ಕೋಬಾಲ್ಡ್‌ಗಳನ್ನು ಕೊಲ್ಲಬೇಕೋ ಬೇಡವೋ ಅಂತ ಅವರವರೇ ಕಾಲು ಗಂಟೆ ವಾದ ಮಾಡಿದರು. ಕೊನೆಗೆ ಕದ್ದ ಕುರಿಗಳನ್ನು ವಾಪಸ್ ಇಸ್ಕೊಂಡು ಬಿಟ್ಟರು. ಬಿಡೋಣ ಅಂದವನು ಫೈಟರ್.

ಅವನ ಬಾಯಿ ಈಗಲೂ ದೊಡ್ಡದೇ. ಪ್ರತಿ ಬಾಗಿಲಿಗೂ "ನಾನು ಮುಂದೆ" ಅಂತಾನೆ. ಆಮೇಲೆ ಒಂದು ಸಲ ಎಡಕ್ಕೆ ತಿರುಗಿ ಅವಳ ಮುಖ ನೋಡ್ತಾನೆ.

ಈಗ ಆರನೇ ಲೆವೆಲ್. ಈ ಶನಿವಾರ ಮತ್ತೆ ಥಂಡರ್‌ಟ್ರೀ. ಅಕ್ಕನ ಲೆಕ್ಕ ಚುಕ್ತಾ ಮಾಡ್ಬೇಕು ಅಂತ ಮಾಂತ್ರಿಕೆಯೇ ಹೊರಡಿಸಿದ್ದು. ನಿನ್ನೆ ರಾತ್ರಿ ವಾಟ್ಸ್‌ಆ್ಯಪ್ ಗುಂಪಿಗೆ ಉದ್ದದ ಪಟ್ಟಿ ಕಳಿಸಿದ್ದಾಳೆ. ಇಬ್ಬರು ಪಕ್ಕಪಕ್ಕ ನಿಲ್ಲಬಾರದು. ಅರ್ಧ ಜೀವ ಹೋದರೆ ಅದು ಹಾರಿ ಹೋಗೋಕೆ ನೋಡಬಹುದು, ಮೇಲಿನ ದಾರಿ ಮೊದಲೇ ಮುಚ್ಚಬೇಕು. ವಿಷದ ಅರ್ಧ ತಡೆಯೋ ರಕ್ಷಣೆ ಮಂತ್ರ ಕ್ಲೆರಿಕ್ ಹತ್ತಿರ ಇದೆ, ಮೂರು ಜನಕ್ಕೆ ಹಾಕಬಹುದು. ಅದಕ್ಕಿಂತ ಮೇಲಿನ ಹಂತದ ಶಕ್ತಿಯನ್ನೆಲ್ಲ ಯಾರಾದರೂ ಸತ್ತರೆ ಎಬ್ಬಿಸೋಕೆ ಉಳಿಸ್ಕೋಬೇಕು. 'ಹಾಗಾದ್ರೆ ರಕ್ಷಣೆ ಇಲ್ಲದ ನಾಲ್ಕನೆಯವರು ಯಾರು?' ಅಂತ ಕೊನೆಯಲ್ಲಿ ಕೇಳಿದ್ದಾಳೆ.

ರಾತ್ರಿ ಒಂದೂವರೆಗೆ ಫೈಟರ್ ಉತ್ತರ ಹಾಕಿದ್ದ. 'ನಾನು. ನಂಗೆ ಬೇಡ, ಹಾಗೇ ಬರ್ತೀನಿ.'

ಇದು ಹಳೇ ಜಂಭವೋ ಬೇರೇನೋ ಅಂತ ನನಗೆ ಗೊತ್ತಾಗಲಿಲ್ಲ. ಅವಳು ಮಾತ್ರ ಬೆಳಗ್ಗೆ ಎದ್ದು ಅದಕ್ಕೊಂದು ಹೆಬ್ಬೆರಳು ಒತ್ತಿ, 'ಗೋಬಿ ಈ ಸಲ ಡಿಎಂ ತರಬೇಕು' ಅಂತ ಪಟ್ಟಿಗೆ ಸೇರಿಸಿದ್ದಾಳೆ.